ಆಮ್ಲೆಟ್ಟಿನ ಪೂರ್ವೋತ್ತರ

ರಾಜರು ಮಾಡಿದ ಯುದ್ಧಗಳೂ ಅವರು ಬರೆಯಿಸಿದ ಶಾಸನಗಳೂ ಚರಿತ್ರಕಾರನ ಕೈಗೆ ಸಿಕ್ಕುವಷ್ಟು ಸುಲಭವಾಗಿ ಮನೆಯ ಅಡಿಗೆಯ ವೃತ್ತಾಂತವು ಸಿಕ್ಕುವುದಿಲ್ಲ. ಊಟ ಮುಗಿದು ಪಾತ್ರೆಗಳನ್ನು ಬೆಳಗಿ ಇಟ್ಟಮೇಲೆ, ಅಡಿಗೆ ಮಾಡಿದವರ ಜಾಣ್ಮೆಗೆ ಸಾಕ್ಷ್ಯವೇ ಉಳಿಯುವುದಿಲ್ಲ. ಆದರೂ ಒಂದು ಸಣ್ಣ ತಿಂಡಿಯ ಜಾಡನ್ನು ಹಿಡಿದು ಹೊರಟರೆ, ದೊಡ್ಡ ಗ್ರಂಥಗಳು ಹೇಳದ ಕೆಲವು ಸಂಗತಿಗಳು ಗೋಚರವಾಗುವುದುಂಟು. ಈ ದಿನ ನಾವು ಹಾಗೆ ಆರಿಸಿಕೊಂಡಿರುವುದು ಮೊಟ್ಟೆಯನ್ನು ಒಡೆದು, ಕಲಕಿ, ಬಾಣಲೆಯಲ್ಲಿ ಹೊಯ್ದು ಮಾಡುವ ಆಮ್ಲೆಟ್ಟನ್ನು. ಮೊಟ್ಟೆಯನ್ನು ಮುಟ್ಟದ ಮನೆಗಳು ನಮ್ಮ ನಾಡಿನಲ್ಲಿ ಅನೇಕವಿವೆ. ಆ ಮನೆಗಳ ಮಹನೀಯರು ಇದನ್ನು ಅಡಿಗೆಯ ಪಾಠವೆಂದು ಭಾವಿಸದೆ ಚರಿತ್ರೆಯ ಒಂದು ಪುಟವೆಂದು ಭಾವಿಸಬೇಕು. ಅವರಿಗೂ ಸಲ್ಲತಕ್ಕ ಒಂದು ಮಾತು ಕೊನೆಯಲ್ಲಿ ಬರಲಿದೆ.

ಆಮ್ಲೆಟ್ಟನ್ನು ಕುರಿತು ಬಹುಕಾಲದಿಂದ ಒಂದು ವಿವಾದವಿದೆ. ಸರಿಯಾದ ಆಮ್ಲೆಟ್ ಯಾವುದು? ಹೊರಮೈ ನುಣುಪಾಗಿ ಒಳಗು ಮೆತ್ತಗಿರಬೇಕೆಂದು ಫ್ರಾನ್ಸಿನ ಪಾಕಶಾಸ್ತ್ರಜ್ಞರು ಹೇಳುವರು. ಅಂಗೈ ದಪ್ಪವಿದ್ದು ಆಲೂಗೆಡ್ಡೆಯಿಂದ ತುಂಬಿರಬೇಕೆಂದು ಸ್ಪೇಯಿನಿನವರು ಹೇಳುವರು. ಈರುಳ್ಳಿ ಹಸಿಮೆಣಸಿನಕಾಯಿಗಳಿಲ್ಲದಿದ್ದರೆ ಅದೇನು ರುಚಿ ಎಂದು ನಮ್ಮವರು ಕೇಳುವರು. ಇವುಗಳಲ್ಲಿ ಒಂದು ಮೂಲ, ಉಳಿದವು ಅದರ ಅಪಭ್ರಂಶ ಎಂದು ತಿಳಿಯುವ ವಾಡಿಕೆಯೂ ಇದೆ. ಚರಿತ್ರೆಯು ಈ ಮಾತನ್ನು ಒಪ್ಪುವುದೇ ಎಂಬುದು ನಮ್ಮ ಪ್ರಶ್ನೆ.

ಮೊದಲು ಕೋಳಿಯ ವಿಚಾರ. ಲೋಕದ ಸಾಕುಕೋಳಿಗಳಿಗೆ ಮೂಲಪುರುಷನು ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿ. ಅನೇಕ ಸಾಕುಕೋಳಿಗಳ ಹಳದಿ ಚರ್ಮವು ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಬಂದುದೆಂದು 2008ರಲ್ಲಿ ಶಾಸ್ತ್ರಜ್ಞರು ತೋರಿಸಿದರು. ಈ ಬೂದು ಕೋಳಿಯ ಕೂಗು ನಮ್ಮ ಮಲೆನಾಡಿನ ಕಾಡುಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಹೀಗೆ ಹಕ್ಕಿಯು ಪೂರ್ವದೇಶದ್ದು. ತಿಂಡಿಯ ಹೆಸರು ಮಾತ್ರ ಪಶ್ಚಿಮದಿಂದ ಬಂದಿದೆ.

ಆ ಪಶ್ಚಿಮದಲ್ಲಿ ನಮಗೆ ದೊರೆಯುವ ಹಳೆಯ ಬರಹಗಳಲ್ಲಿ ಅಪೀಸಿಯಸ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿರುವ ರೋಮನರ ಪಾಕಗ್ರಂಥವು ಮುಖ್ಯವಾದದ್ದು. ಇದರಲ್ಲಿ ನಾಲ್ಕು ಮೊಟ್ಟೆಗಳನ್ನು ಹಾಲು ಎಣ್ಣೆಗಳೊಡನೆ ಕಲಕಿ, ತೆಳುವಾದ ಬಾಣಲೆಯಲ್ಲಿ ಒಂದು ಮಗ್ಗುಲು ಬೇಯಿಸಿ, ತಟ್ಟೆಗೆ ಮಗುಚಿ, ಮೇಲೆ ಜೇನನ್ನು ಸುರಿದು ಮೆಣಸಿನ ಪುಡಿ ಉದುರಿಸುವ ಕ್ರಮವಿದೆ. ಆ ಕಾಲದಲ್ಲಿ ರೋಮಿಗೆ ಮೆಣಸು ಹಡಗಿನಲ್ಲಿ ಹೋಗುತ್ತಿದ್ದುದು ನಮ್ಮ ಪಶ್ಚಿಮ ಕರಾವಳಿಯಿಂದ. ಜೇನು, ಮೆಣಸು ಎರಡನ್ನೂ ಹೀಗೆ ಧಾರಾಳವಾಗಿ ಬಳಸಬಲ್ಲ ಅಡಿಗೆಮನೆಯು ಸಿರಿವಂತರದೇ ಆಗಿರಬೇಕು.

ಇನ್ನು ಹೆಸರಿನ ಮೂಲ. ಲ್ಯಾಟಿನ್ ಭಾಷೆಯಲ್ಲಿ ‘ಲಾಮೆಲ್ಲ’ ಎಂದರೆ ತೆಳ್ಳನೆಯ ತಗಡು. ಇದೇ ಶಬ್ದವು ಹಳೆಯ ಫ್ರೆಂಚಿನಲ್ಲಿ ‘ಅಲುಮೆಲ್’ ಎಂದಾಗಿ, ಅಕ್ಷರಗಳು ಹಿಂದುಮುಂದಾಗಿ, ಕೊನೆಗೆ ‘ಆಮ್ಲೆಟ್’ ಎಂದು ನಿಂತಿತು. ಶಬ್ದದ ಒಳಗೆ ಮೊಟ್ಟೆಯ ಪ್ರಸಕ್ತಿಯೇ ಇಲ್ಲವೆಂಬುದನ್ನು ಲಕ್ಷ್ಯದಲ್ಲಿಡಬೇಕು. ಹೆಸರು ಹೇಳುವುದು ಆಕಾರವನ್ನು ಮಾತ್ರ.

ಸುಮಾರು 1393ರಲ್ಲಿ ಪ್ಯಾರಿಸ್ಸಿನ ವಯಸ್ಸಾದ ಗೃಹಸ್ಥನೊಬ್ಬನು ತನ್ನ ಎಳೆಯ ಹೆಂಡತಿಗೆ ಸಂಸಾರ ನಡೆಸುವ ರೀತಿಯನ್ನು ಕಲಿಸಲೆಂದು ಒಂದು ಗ್ರಂಥವನ್ನು ಬರೆದನು. ಅದರಲ್ಲಿ 16 ಮೊಟ್ಟೆಗಳಿಗೆ ಪುದೀನ, ಪಾಲಕ್ ಮುಂತಾದ ಸೊಪ್ಪುಗಳನ್ನು ಕೈತುಂಬ ಅರೆದು ಸೇರಿಸಿ, ಶುಂಠಿ ಬೆರೆಸಿ, ಎರಡು ದಪ್ಪ ಆಮ್ಲೆಟ್ಟುಗಳನ್ನು ಮಾಡುವ ವಿಧಾನವಿದೆ. ಇದನ್ನು ಓದಿದವರಿಗೆ ಪಾರಸಿಕ ದೇಶದ ‘ಕೂಕೂ’ ನೆನಪಿಗೆ ಬರುತ್ತದೆ. ಅಲ್ಲಿ ಸಬ್ಬಸಿಗೆ, ಕೊತ್ತಂಬರಿ ಮೊದಲಾದ ಸೊಪ್ಪುಗಳೇ ಪ್ರಧಾನ. ಮೊಟ್ಟೆಯ ಕೆಲಸ ಸೊಪ್ಪನ್ನು ಹಿಡಿದು ನಿಲ್ಲಿಸುವುದು. ಪಾರಸಿಕರ ಹೊಸ ವರ್ಷವಾದ ನವರೋಜಿಗೆ ಈ ಹಸುರು ಕೂಕೂ ವಿಶೇಷವಾಗಿ ಸಲ್ಲುತ್ತದೆ.

ಹಬ್ಬಕ್ಕೂ ಮೊಟ್ಟೆಗೂ ಇರುವ ಈ ನಂಟು ಕಾರಣವಿಲ್ಲದ್ದಲ್ಲ. ಹಗಲು ಕಿರಿದಾದಾಗ ಕೋಳಿಯು ಮೊಟ್ಟೆ ಇಡುವುದು ಕಡಿಮೆ. ವಸಂತದಲ್ಲಿ ಹಗಲು ಹಿಗ್ಗಿದೊಡನೆ ಗೂಡು ತುಂಬುತ್ತದೆ. ನವರೋಜು ಬರುವುದು ಆ ಕಾಲದಲ್ಲಿಯೇ. ಯೂರೋಪಿನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಕೂಡಿತು. ಮಧ್ಯಯುಗದ ಕ್ರೈಸ್ತರಿಗೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ವ್ರತದಲ್ಲಿ ಮೊಟ್ಟೆ ನಿಷಿದ್ಧವಾಗಿತ್ತು. ಕೋಳಿಗೆ ಆ ವ್ರತವಿಲ್ಲವಾಗಿ, ಹಬ್ಬದ ಹೊತ್ತಿಗೆ ಮನೆಮನೆಯಲ್ಲೂ ಮೊಟ್ಟೆಗಳು ರಾಶಿಯಾಗುತ್ತಿದ್ದುವು. ಫ್ರಾನ್ಸಿನ ದಕ್ಷಿಣ ಭಾಗದ ಬೆಸಿಯೇರ್ ಎಂಬ ಊರಿನಲ್ಲಿ 1973ರಿಂದ ಈಸ್ಟರಿನ ಮರುದಿನ ಸುಮಾರು 15,000 ಮೊಟ್ಟೆಗಳ ಮಹಾ ಆಮ್ಲೆಟ್ಟನ್ನು ಮಾಡಿ ಜನರಿಗೆ ಹಂಚುವ ಪದ್ಧತಿಯಿದೆ. ಒಮ್ಮೆ ನೆಪೋಲಿಯನ್ ಅಲ್ಲಿ ತಂಗಿದ್ದಾಗ ಆಮ್ಲೆಟ್ಟಿನ ರುಚಿಗೆ ಮೆಚ್ಚಿ, ತನ್ನ ಸೇನೆಗೆಲ್ಲಾ ಸಾಲುವಂಥದೊಂದನ್ನು ಮಾಡಲು ಆಜ್ಞಾಪಿಸಿದನೆಂದು ಆ ಊರಿನ ಐತಿಹ್ಯ.

ಹೀಗೆ ಅಡಿಗೆಯನ್ನು ಶೂರರ ಹೆಸರಿಗೆ ಬರೆಯುವುದು ಐತಿಹ್ಯದ ಸ್ವಭಾವ. ಸ್ಪೇಯಿನಿನ ಆಲೂಗೆಡ್ಡೆಯ ಆಮ್ಲೆಟ್ಟಿಗೂ ಇಂಥದೇ ಕಥೆ ಇದೆ. ಅದನ್ನು 1835ರಲ್ಲಿ ಬಿಲ್ಬಾವೊ ನಗರದ ಮುತ್ತಿಗೆಯ ಸಮಯದಲ್ಲಿ ಸುಮಲಕಾರ್ರೆಗಿ ಎಂಬ ಸೇನಾಪತಿಯು ಸೈನಿಕರಿಗಾಗಿ ಕಂಡುಹಿಡಿದನೆಂದು ಹೇಳುವರು. ಆದರೆ ಈ ಕಥೆಗೆ ಎದುರಾಗಿ ಒಂದು ಪತ್ರವು ಉಳಿದುಬಂದಿದೆ. ಅದು 1817ರಲ್ಲಿ, ಎಂದರೆ ಆ ಮುತ್ತಿಗೆಗೆ 18 ವರ್ಷ ಮುಂಚೆ, ನವಾರ್ರ ಪ್ರಾಂತದ ಪ್ರತಿನಿಧಿಸಭೆಗೆ ಬರೆದ ಅಹವಾಲು. ಪಂಪ್ಲೋನ ಪಟ್ಟಣದವರ ಊಟಕ್ಕೂ ಗುಡ್ಡಗಾಡಿನ ರೈತರ ಬಡ ಊಟಕ್ಕೂ ಇರುವ ಅಂತರವನ್ನು ಅದು ತೋಡಿಕೊಳ್ಳುತ್ತದೆ. ಐದಾರು ಜನರಿಗೆ ಎರಡು ಮೂರು ಮೊಟ್ಟೆಗಳೇ ಗತಿಯೆಂದೂ, ತಮ್ಮ ಹೆಂಗಸರು ಆಲೂಗೆಡ್ಡೆಯನ್ನೋ ರೊಟ್ಟಿಯ ಚೂರನ್ನೋ ಬೆರೆಸಿ ಅಷ್ಟು ಸ್ವಲ್ಪದಲ್ಲಿಯೇ ದೊಡ್ಡದಾದ, ದಪ್ಪವಾದ ಆಮ್ಲೆಟ್ಟನ್ನು ಮಾಡಬಲ್ಲರೆಂದೂ ಅದರಲ್ಲಿ ಹೇಳಿದೆ.

ಈ ಪತ್ರಕ್ಕೆ ನಾವು ಬಹಳ ಬೆಲೆ ಕೊಡಬೇಕು. ದಕ್ಷಿಣ ಅಮೆರಿಕದ ಆಲೂಗೆಡ್ಡೆಯನ್ನು ಸೆವಿಲ್ಯ ನಗರದ ಆಸ್ಪತ್ರೆಯೊಂದು 1573ರಲ್ಲಿಯೇ ಕೊಂಡ ಲೆಕ್ಕವಿದೆ. ಅದನ್ನು ಮೊಟ್ಟೆಗೆ ಸೇರಿಸಿದುದು ರುಚಿಯ ಚಪಲದಿಂದಲ್ಲ, ಮಕ್ಕಳ ಎಲೆ ತುಂಬಬೇಕೆಂಬ ಹೊಣೆಯಿಂದ. ಇಂದು ಸ್ಪೇಯಿನಿನ ಎಲ್ಲ ಭೋಜನಶಾಲೆಗಳಲ್ಲಿಯೂ ದೊರೆಯುವ, ಆ ದೇಶದ ಕೀರ್ತಿಯೆನಿಸಿದ ತಿಂಡಿಯು ಹೀಗೆ ಬಡತನದ ಲೆಕ್ಕಾಚಾರದಿಂದ ಹುಟ್ಟಿತು. ಅದರ ಕ್ರಮವೂ ಇದಕ್ಕೆ ತಕ್ಕಂತೆಯೇ ಇದೆ. ಆಲೂಗೆಡ್ಡೆಯ ತೆಳು ಹೋಳುಗಳನ್ನು ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಮೆತ್ತಗಾಗುವಂತೆ ಬೇಯಿಸಿ, ಎಣ್ಣೆ ಬಸಿದು, ಕಲಕಿದ ಮೊಟ್ಟೆಯಲ್ಲಿ ಸ್ವಲ್ಪ ಹೊತ್ತು ನೆನೆಯಬಿಟ್ಟು, ಮತ್ತೆ ಬಾಣಲೆಗೆ ಹೊಯ್ಯುವರು. ತಳ ಗಟ್ಟಿಯಾದಮೇಲೆ ತಟ್ಟೆಯೊಂದನ್ನು ಮುಚ್ಚಿ ಮಗುಚಿ, ಇನ್ನೊಂದು ಮಗ್ಗುಲನ್ನು ಬೇಯಿಸುವರು. ಬಿಸಿಯಲ್ಲಿ ತಿನ್ನದೆ ಆರಿಸಿ ಬುತ್ತಿ ಕಟ್ಟಿದರೂ ಕೆಡದು.

ಫ್ರಾನ್ಸಿನ ನುಣುಪಾದ ಆಮ್ಲೆಟ್ಟಿನ ಕಥೆ ಬೇರೆ. 1903ರಲ್ಲಿ ತನ್ನ ಮಹಾಗ್ರಂಥವನ್ನು ಪ್ರಕಟಿಸಿದ ಎಸ್ಕೋಫಿಯೆ ಎಂಬ ಪಾಕಶಾಸ್ತ್ರಜ್ಞನ ಅಭಿಪ್ರಾಯದಂತೆ, ಆಮ್ಲೆಟ್ಟೆಂದರೆ ಗಟ್ಟಿಯಾದ ಮೊಟ್ಟೆಯ ಹೊದಿಕೆಯೊಳಗೆ ಮೃದುವಾಗಿ ಕದಡಿದ ಮೊಟ್ಟೆ. ಇದಕ್ಕೆ ಬೆಣ್ಣೆ ಬೇಕು, ಚುರುಕಾದ ಉರಿ ಬೇಕು, ಒಬ್ಬೊಬ್ಬರಿಗೂ ಎರಡು ಮೂರು ಮೊಟ್ಟೆ ಬೇಕು. ನವಾರ್ರದಲ್ಲಿ ಐದಾರು ಜನರ ಪಾಲಾಗಿದ್ದುದು ಇಲ್ಲಿ ಒಬ್ಬರ ಪಾಲು. ಮೊಟ್ಟೆಯು ಸುಮಾರು 60ರಿಂದ 70 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಗಟ್ಟಿಯಾಗತೊಡಗುತ್ತದೆ. ಅದನ್ನು ಮೀರಿದರೆ ಬಿರುಸಾಗಿ ನೀರು ಬಿಡುತ್ತದೆ. ಆದಕಾರಣ ಬಾಣಲೆಯನ್ನು ಅಲ್ಲಾಡಿಸುತ್ತ, ಒಂದು ನಿಮಿಷದ ಆಸುಪಾಸಿನಲ್ಲಿ ಮಡಿಸಿ ತಟ್ಟೆಗೆ ಇಳಿಸುವರು.

ಸಮುದ್ರದ ನಡುವಿನ ಮೋಂ ಸೇಂ ಮಿಷೆಲ್ ಎಂಬ ಯಾತ್ರಾಸ್ಥಳದಲ್ಲಿ ಆನೆಟ್ ಪೂಲಾರ್ ಎಂಬಾಕೆಯು 1888ರಲ್ಲಿ ತೆರೆದ ಛತ್ರವು ಆಮ್ಲೆಟ್ಟಿನಿಂದಲೇ ಲೋಕಪ್ರಸಿದ್ಧವಾಯಿತು. ಅಲೆಗಳ ಏರಿಳಿತವನ್ನು ನೋಡಿಕೊಂಡು ಬರುವ ಯಾತ್ರಿಕರು ಹೊತ್ತಲ್ಲದ ಹೊತ್ತಿನಲ್ಲಿ ಹಸಿದು ಬರುತ್ತಿದ್ದರು; ಅಂಥವರಿಗೆ ಒಡನೆ ಬಡಿಸಲು ಇದಕ್ಕಿಂತ ಒದಗುವ ತಿಂಡಿಯಿರಲಿಲ್ಲ. ಆಕೆಯ ಗುಟ್ಟೇನೆಂದು ಪಂಡಿತರು ನಾನಾ ಬಗೆಯಾಗಿ ಊಹಿಸಿದರು. 1922ರಲ್ಲಿ ಒಬ್ಬರಿಗೆ ಬರೆದ ಕಾಗದದಲ್ಲಿ ಆಕೆಯು, ಒಳ್ಳೆಯ ಮೊಟ್ಟೆಗಳನ್ನು ಚೆನ್ನಾಗಿ ಕಡೆಯುವುದು, ಒಳ್ಳೆಯ ಬೆಣ್ಣೆಯ ಮುದ್ದೆಯನ್ನು ಹಾಕುವುದು, ಬಾಣಲೆಯನ್ನು ಬಿಡದೆ ಅಲ್ಲಾಡಿಸುವುದು, ಇಷ್ಟನ್ನೇ ಹೇಳಿ ಮುಗಿಸಿದಳು. ಹೆಚ್ಚಾಗಿ ಕಡೆದಷ್ಟೂ ಗಾಳಿ ಸೇರಿ ಅದು ನೊರೆನೊರೆಯಾಗಿ ಉಬ್ಬುತ್ತದೆ. ಬಿಳಿಯ ಭಾಗವನ್ನು ಬೇರೆಯಾಗಿ ಕಡೆದು ಬೆರೆಸಿ ಮಾಡುವ ಉಬ್ಬಿದ ಆಮ್ಲೆಟ್ಟಿನ ತತ್ತ್ವವೂ ಇದೇ.

ದೂರದ ಜಪಾನಿನಲ್ಲಿ 1785ರಲ್ಲಿಯೇ ಮೊಟ್ಟೆಯ ನೂರಕ್ಕೂ ಮೇಲ್ಪಟ್ಟ ಅಡಿಗೆಗಳನ್ನು ತಿಳಿಸುವ ಪುಸ್ತಕವು ಅಚ್ಚಾಗಿತ್ತು. ಅಲ್ಲಿಯ ಬಾಣಲೆ ಚೌಕನಾದದ್ದು. ಕಡಲಪಾಚಿ ಮತ್ತು ಒಣಮೀನುಗಳ ಕಷಾಯವನ್ನು ಬೆರೆಸಿದ ಮೊಟ್ಟೆಯನ್ನು ತೆಳುವಾಗಿ ಹೊಯ್ದು ಸುತ್ತಿ, ಅದರ ಪಕ್ಕದಲ್ಲಿ ಮತ್ತೆ ಹೊಯ್ದು ಮತ್ತೆ ಸುತ್ತಿ, ಪದರಪದರವಾದ ದಿಂಬಿನಂತೆ ಮಾಡಿ ಕತ್ತರಿಸುವರು. ಅಲ್ಲಿಯ ಆಕಾರವನ್ನು ಗೊತ್ತುಮಾಡಿದುದು ಪಾತ್ರೆಯೇ.

ನಮ್ಮಲ್ಲಿಯೂ ಹಾಗೆಯೇ ಆಯಿತು. ಬೆಂಗಳೂರಿನಲ್ಲಿ ಇಂಗ್ಲಿಷರ ದಂಡುಪ್ರದೇಶವು 1809ರಲ್ಲಿ ಏರ್ಪಟ್ಟಿತು. ‘ವೈವರ್ನ್’ ಎಂಬ ಗುಪ್ತನಾಮದಿಂದ ಕರ್ನಲ್ ಕೆನ್ನಿ ಹರ್ಬರ್ಟನು 1878ರಲ್ಲಿ ಮದ್ರಾಸಿನ ಇಂಗ್ಲಿಷ್ ಕುಟುಂಬಗಳಿಗೆಂದು ಪ್ರಕಟಿಸಿದ ಅಡಿಗೆಯ ಪುಸ್ತಕದಲ್ಲಿ ಆಮ್ಲೆಟ್ಟಿನ ವಿಚಾರಕ್ಕೂ ಸ್ಥಳವುಂಟು. ದೊರೆಗಳಿಗೆ ಬೇಕಾದುದು ಮಡಿಸಿದ ಫ್ರೆಂಚ್ ಆಮ್ಲೆಟ್. ನಮ್ಮ ಮನೆಗಳಲ್ಲಿ ಇದ್ದುದು ದೋಸೆಯ ಕಾವಲಿ. ಅಂಚಿಲ್ಲದ ಕಾವಲಿಯ ಮೇಲೆ ಮೊಟ್ಟೆಯು ತೆಳ್ಳಗೆ ಹರಡುತ್ತದೆ. ಮಗುಚುವ ಕೈಯಿಂದ ದೋಸೆಯಂತೆ ತಿರುವಿಹಾಕಿದರೆ ಎರಡು ಮಗ್ಗುಲೂ ಕೆಂಪಗಾಗುತ್ತದೆ. ಅನ್ನಕ್ಕೆ, ಚಪಾತಿಗೆ ನಂಚಿಕೊಳ್ಳಲು ರುಚಿ ಕಟುವಾಗಿರಬೇಕಾದುದರಿಂದ ಈರುಳ್ಳಿ, ಕೊತ್ತಂಬರಿ, ಹಸಿಮೆಣಸಿನಕಾಯಿ ಬಂದುವು. ಈ ಮೆಣಸಿನಕಾಯಿಯೂ ಆಲೂಗೆಡ್ಡೆಯಂತೆ ಅಮೆರಿಕದ್ದೇ; ಪೋರ್ಚುಗೀಸರ ಹಡಗುಗಳು ಅದನ್ನು ಇಲ್ಲಿಗೆ ತಂದುವು. ಪಾರ್ಸಿ ಜನರ ‘ಪೋರೊ’ ಎಂಬುದೂ ಇದೇ ಜಾತಿಯದು. ಗೋವೆಯವರು ಆಮ್ಲೆಟ್ಟಿನ ಮೇಲೆ ತೆಂಗಿನಕಾಯಿಯ ಮಸಾಲೆರಸವನ್ನೇ ಸುರಿದು, ಪಾವಿನೊಡನೆ ತಿನ್ನುವರು.

ಸಿರಿವಂತ ದೇಶಗಳಿಗೂ ನವಾರ್ರದ ಪಾಡು ಬಂದ ಒಂದು ಕಾಲವಿತ್ತು. ಎರಡನೆಯ ಮಹಾಯುದ್ಧದಲ್ಲಿ, 1941ರಿಂದ, ಇಂಗ್ಲೆಂಡಿನಲ್ಲಿ ಮೊಟ್ಟೆಗೆ ಪಡಿತರ ಬಂದು, ಒಬ್ಬರಿಗೆ ವಾರಕ್ಕೆ ಸುಮಾರು ಒಂದು ಮೊಟ್ಟೆ ಎಂದಾಯಿತು. 1942ರಲ್ಲಿ ಅಮೆರಿಕದಿಂದ ಒಣಗಿಸಿದ ಮೊಟ್ಟೆಯ ಪುಡಿ ಬಂದಿತು. ಒಂದು ಪೊಟ್ಟಣಕ್ಕೆ 12 ಮೊಟ್ಟೆಗಳ ಲೆಕ್ಕ. ಅಲ್ಲಿಯ ಗೃಹಿಣಿಯರು ಒಂದು ಚಮಚ ಪುಡಿಗೆ ಎರಡು ಚಮಚ ನೀರು ಕಲಸಿ ಅದರಿಂದಲೇ ಆಮ್ಲೆಟ್ ಮಾಡಿ ಬಡಿಸಿದರು. ಪಡಿತರವು 1953ರವರೆಗೂ ನಡೆಯಿತು. ಅದನ್ನು ತಿಂದು ಬೆಳೆದ ಮಕ್ಕಳಿಗೆ ಎಸ್ಕೋಫಿಯೆಯ ಲಕ್ಷಣವನ್ನು ಓದಿ ಹೇಳಿ, ನಿಮ್ಮ ತಾಯಿ ಮಾಡಿದುದು ಸರಿಯಾದ ಆಮ್ಲೆಟ್ಟಲ್ಲವೆಂದು ಯಾರು ತಾನೇ ನುಡಿದಾರು?

ಇನ್ನು ಮೊಟ್ಟೆಯನ್ನು ಮುಟ್ಟದವರ ಪಾಲಿನ ಮಾತು. ಮುಂಬಯಿ ಕರ್ನಾಟಕಗಳ ಶಾಕಾಹಾರಿ ಉಪಾಹಾರಗೃಹಗಳಲ್ಲಿ ‘ಟೊಮೆಟೊ ಆಮ್ಲೆಟ್’ ಎಂಬ ತಿಂಡಿಯುಂಟು. ಕಡಲೆಹಿಟ್ಟನ್ನು ನೀರಿನಲ್ಲಿ ಕಲಸಿ, ಟೊಮೆಟೊ ಈರುಳ್ಳಿಗಳನ್ನು ಹೆಚ್ಚಿಹಾಕಿ ಕಾವಲಿಯ ಮೇಲೆ ಹೊಯ್ದುದೇ ಅದು. ಮೊಟ್ಟೆಯ ಸೋಂಕೂ ಇಲ್ಲದ ಇದಕ್ಕೆ ಆಮ್ಲೆಟ್ ಎಂಬ ಹೆಸರೇ ಎಂದು ನಗುವವರುಂಟು. ಹೆಸರಿನ ಮೂಲಾರ್ಥ ತೆಳ್ಳನೆಯ ತಗಡು ಎಂಬುದನ್ನು ಬಲ್ಲವರು ನಗಲಾರರು. ಲ್ಯಾಟಿನ್ ಪಂಡಿತನು ಬಂದರೂ ಈ ಹೆಸರಿಗೆ ಆಕ್ಷೇಪ ಹೇಳುವಂತಿಲ್ಲ.

ಈ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಮೂಲವೆಂದೂ ಅಪಭ್ರಂಶವೆಂದೂ ಮಾಡುವ ವಿಭಾಗವು ನಿಲ್ಲುವುದಿಲ್ಲ. ಮೊಟ್ಟೆ ಎಷ್ಟಿದೆ, ಉಣ್ಣುವವರು ಎಷ್ಟು ಮಂದಿ, ಒಲೆ ಎಂಥದು, ಪಾತ್ರೆ ಯಾವುದು, ಈ ನಾಲ್ಕು ಪ್ರಶ್ನೆಗಳಿಗೆ ಆಯಾ ಮನೆಯವರು ಕಂಡುಕೊಂಡ ಉತ್ತರವೇ ಆಯಾ ನಾಡಿನ ಆಮ್ಲೆಟ್. ಐತಿಹ್ಯವು ನೆಪೋಲಿಯನ್ನನ ಹೆಸರನ್ನೂ ಸುಮಲಕಾರ್ರೆಗಿಯ ಹೆಸರನ್ನೂ ಕಾಪಾಡಿಕೊಂಡಿದೆ. 1817ರ ಆ ಅಹವಾಲಿನಲ್ಲಿ, ಎರಡು ಮೂರು ಮೊಟ್ಟೆಗಳಿಂದ ಐದಾರು ಹಸಿವುಗಳನ್ನು ತೀರಿಸಿದ ಹೆಂಗಸರಲ್ಲಿ ಒಬ್ಬಳ ಹೆಸರೂ ಇಲ್ಲ. ನಮ್ಮ ನಾಡಿನ ಮನೆಗಳಲ್ಲಿಯೂ ಇಂಥ ಅಳತೆಗಳನ್ನೂ ಹದಗಳನ್ನೂ ಬಲ್ಲ ಹಿರಿಯರು ಅನೇಕರಿದ್ದಾರೆ. ಓದುಬರಹ ಬಲ್ಲ ಮಕ್ಕಳು ಅವರ ಬಳಿ ಕುಳಿತು ಅವನ್ನು ಕೇಳಿ, ಹೇಳಿದವರ ಹೆಸರಿನೊಡನೆ ಬರೆದಿಡುವುದಾದರೆ, ಮುಂದಿನ ಚರಿತ್ರಕಾರನು ಈ ವಿಷಯದಲ್ಲಿ ನಮಗಿಂತ ಹೆಚ್ಚು ಭಾಗ್ಯವಂತನಾಗುವನು.