ಎಡಗಡೆಯ ಸೊನ್ನೆ

ತರೀಕೆರೆಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬನ್ನು ಕೆಲವು ವರ್ಷ ನಾನು ನೋಡಿಕೊಳ್ಳುತ್ತಿದ್ದೆ. ನನಗಿಂತ ಮೊದಲಿದ್ದವರು ಪ್ರತಿ ಯಂತ್ರದ ಐಪಿ ವಿಳಾಸವನ್ನೂ ಉದ್ದನೆಯ ಲೆಡ್ಜರಿನಲ್ಲಿ ಬರೆದಿಟ್ಟಿದ್ದರು: 192.168.010.025, 192.168.010.026, ಹೀಗೆ. ದಾಸ್ತಾನು ಪುಸ್ತಕ ಬರೆದು ಪಳಗಿದ ಕೈ. ಅಂಕಿಗಳು ಒಂದರ ಕೆಳಗೊಂದು ನಿಲ್ಲಲೆಂದು ಪ್ರತಿ ಭಾಗವನ್ನೂ ಮೂರಂಕಿ ಮಾಡಿದ್ದರು.

ಒಂದು ಪರೀಕ್ಷೆಯ ದಿನ ಲ್ಯಾಬಿನ ಯಂತ್ರಗಳಿಗೆ ಇಂಟರ್ನೆಟ್ ನಿಲ್ಲಿಸಬೇಕಿತ್ತು. ಪಟ್ಟಿಯನ್ನು ಇದ್ದಂತೆಯೇ ಟೈಪ್ ಮಾಡಿ ಸ್ಕ್ರಿಪ್ಟಿಗೆ ಕೊಟ್ಟೆ. ಲ್ಯಾಬ್ ಎಂದಿನಂತೆ ಓಡುತ್ತಿತ್ತು. ನಿಂತದ್ದು ಆಫೀಸಿನ ಯಂತ್ರ. ಅಂದೇ ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ. ಲಿಂಗದಹಳ್ಳಿ, ಅಜ್ಜಂಪುರದ ಕಡೆಯ ಮಕ್ಕಳು ಬಾಗಿಲಲ್ಲಿ ಸಾಲು ನಿಂತಿದ್ದರು. ತಪ್ಪು ನನ್ನದೆಂದು ತಿಳಿಯುವ ಹೊತ್ತಿಗೆ ಇಬ್ಬರು ಬಸ್ಸು ಹಿಡಿಯಲು ಹೋಗಿಬಿಟ್ಟಿದ್ದರು.

192.168.010.025 ಎಂಬುದನ್ನು ಯಂತ್ರ 192.168.8.21 ಎಂದು ಓದಿತ್ತು. ಅದು ಆಫೀಸಿನ ವಿಳಾಸ.

ಈ ಓದಿನ ಬೇರು ಹಳೆಯದು. ಸಿ ಭಾಷೆಯಲ್ಲಿ, ಅದಕ್ಕೂ ಮೊದಲಿನ ಬಿ ಭಾಷೆಯಲ್ಲಿ, ಸೊನ್ನೆಯಿಂದ ಶುರುವಾದ ಸಂಖ್ಯೆ ಎಂಟರ ಎಣಿಕೆಯದು. ಆ ಲೆಕ್ಕದಲ್ಲಿ 025 ಎಂದರೆ ಎರಡು ಎಂಟು, ಮೇಲೆ ಐದು: 21. ಇಂಟರ್ನೆಟ್ಟಿನ ಮೂಲ ನಿಯಮವಾದ 1981ರ ಆರ್‌ಎಫ್‌ಸಿ 791 ವಿಳಾಸವನ್ನು 32 ಬಿಟ್‌ಗಳ ಸಂಖ್ಯೆ ಎಂದಿತೇ ಹೊರತು, ಮನುಷ್ಯರು ಅದನ್ನು ಹೇಗೆ ಬರೆಯಬೇಕೆಂದು ಕಟ್ಟುಮಾಡಲಿಲ್ಲ. 1983ರಲ್ಲಿ ಬರ್ಕ್‌ಲಿಯವರ ಬಿಎಸ್‌ಡಿ ಯುನಿಕ್ಸ್ 4.2 ಬಂದಾಗ ಸಿ ಭಾಷೆಯ ಪದ್ಧತಿಯೇ ವಿಳಾಸಕ್ಕೂ ಬಂತು. ಅವರ ನಂತರ ಬರೆದವರು ಬಹಳ ಮಂದಿ ಅದನ್ನೇ ಅನುಸರಿಸಿದರು. ಕೆಲವರು ಸೊನ್ನೆಯನ್ನು ಕಡೆಗಣಿಸಿ 010 ಅನ್ನು ಹತ್ತೆಂದೇ ಓದಿದರು. ಒಂದೇ ಸಾಲಿಗೆ ಎರಡು ಅರ್ಥ! ಪೈಥಾನ್ ಭಾಷೆಯ ವಿಳಾಸ ಗ್ರಂಥಾಲಯವೂ ಸ್ವಲ್ಪ ಕಾಲ ಹತ್ತೆಂದು ಓದಿ, 2021ರಲ್ಲಿ 3.9.5 ಆವೃತ್ತಿಯಿಂದ ಇಂಥ ಸಾಲನ್ನು ಒಪ್ಪುವುದನ್ನೇ ಬಿಟ್ಟಿತು. ನನಗೆ ಇದೇ ಸರಿ ಅನ್ನಿಸುತ್ತದೆ. ಅನುಮಾನವಿದ್ದಾಗ ಊಹಿಸುವ ಗುಮಾಸ್ತನಿಗಿಂತ ಅರ್ಜಿ ವಾಪಸು ಕೊಡುವವನು ಮೇಲು.

ಹಾಗೆಂದು ಲೆಡ್ಜರಿನ ಸೊನ್ನೆಗಳು ದಡ್ಡತನವಲ್ಲ. ಸೊನ್ನೆ ಕಿತ್ತ ಪಟ್ಟಿಯನ್ನು ಅಕ್ಷರದಂತೆ ಜೋಡಿಸಿದರೆ 192.168.10.100 ಮೊದಲು, 192.168.10.2 ಆಮೇಲೆ ಬರುತ್ತದೆ. ಸೊನ್ನೆ ತುಂಬಿಸಿದರೆ ಸಾಲು ತಾನೇ ಸರಿಹೋಗುತ್ತದೆ.

ಹೊಸ ಸ್ಕ್ರಿಪ್ಟ್ ಬರೆದೆ. ಖಾಲಿ ಜಾಗ ತೆಗೆ, ಚುಕ್ಕಿಯಲ್ಲಿ ಒಡೆ, ನಾಲ್ಕು ಭಾಗ ಇವೆಯೇ ನೋಡು, ಪ್ರತಿಯೊಂದೂ 0ರಿಂದ 255ರೊಳಗೆ ಇರಲಿ, ಎರಡೆರಡು ಸಲ ಬಂದದ್ದನ್ನು ಬಿಡು, ಸಂಖ್ಯೆಯಾಗಿ ಜೋಡಿಸು. ಎಡಗಡೆ ಸೊನ್ನೆ ಇದ್ದ ಸಾಲನ್ನು ತಿದ್ದದೆ ಪಕ್ಕಕ್ಕಿಡು. ನಡುವೆ ಒಂದು ತಮಾಷೆ ನಡೆಯಿತು. ಯಾರೋ ಕನ್ನಡ ಕೀಲಿಮಣೆಯಲ್ಲಿ ೧೦ ಎಂದು ಹೊಡೆದಿದ್ದ ಸಾಲೂ ಪಾಸಾಯಿತು. ಪೈಥಾನಿನಲ್ಲಿ ಅಂಕಿ ಹುಡುಕುವ ಗುರುತು ಕನ್ನಡ ಅಂಕಿಯನ್ನೂ ಅಂಕಿಯೆಂದೇ ಎಣಿಸುತ್ತದೆ. ಖುಷಿಯಾಯಿತು, ಆದರೆ ನೆಟ್‌ವರ್ಕಿಗೆ ಅದು ಅರ್ಥವಾಗದು. 0ರಿಂದ 9ರವರೆಗಿನ ಅಂಕಿ ಮಾತ್ರ ಎಂದು ಕಟ್ಟುಮಾಡಬೇಕಾಯಿತು.

ಪಕ್ಕಕ್ಕಿಟ್ಟ ಸಾಲುಗಳ ಅರ್ಥ ಹೇಳಬಲ್ಲವರು ಒಬ್ಬರೇ. ಲೆಡ್ಜರ್ ಹಿಡಿದು ಅವರ ಮನೆಗೆ ಹೋದೆ. "ನೋಡೋಕೆ ನೆಟ್ಟಗಿರ್ಲಿ ಅಂತ ಹಾಕಿದ್ದೆ ಮಾರಾಯ," ಎಂದು ನಕ್ಕು, ಕನ್ನಡಕ ಏರಿಸಿಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟರು. 026 ಇಪ್ಪತ್ತಾರೇ. 031ರ ಯಂತ್ರ ಲೈಬ್ರರಿಗೆ ಹೋಗಿ ಎರಡು ವರ್ಷವಾಗಿತ್ತಂತೆ; ಅದನ್ನು ಪಟ್ಟಿಯಲ್ಲಿ ಹೊಡೆದುಹಾಕಲು ಮರೆತಿದ್ದರು.