ಉಸಿರಿನ ದಾರಿ

ಯಾರಾದರೂ ಎಚ್ಚರ ತಪ್ಪಿ ಬಿದ್ದರೆ ನಮ್ಮಲ್ಲಿ ನಡೆಯುವ ಉಪಚಾರ ಎಲ್ಲರಿಗೂ ತಿಳಿದದ್ದೇ. ಒಬ್ಬರು ಮುಖಕ್ಕೆ ನೀರು ಚಿಮುಕಿಸುತ್ತಾರೆ, ಇನ್ನೊಬ್ಬರು ಬೀಸಣಿಗೆ ಹುಡುಕುತ್ತಾರೆ, ಮತ್ತೊಬ್ಬರು ಕನಿಕರದಿಂದ ತಲೆಯ ಕೆಳಗೆ ದಿಂಬು ಇಡುತ್ತಾರೆ. ಹಲವು ವರ್ಷಗಳ ಹಿಂದೆ ಶಾಲೆಯ ಬಯಲಿನಲ್ಲಿ ಹುಡುಗನೊಬ್ಬ ಬಿದ್ದಾಗ ಈ ಮೂರನೆಯ ಕೆಲಸ ಮಾಡಿದವನು ನಾನೇ. ಹೆಗಲ ಮೇಲಿನ ವಸ್ತ್ರವನ್ನು ಮಡಿಸಿ ಅವನ ತಲೆಯಡಿ ಇಟ್ಟೆ. ಹುಡುಗನ ಗಂಟಲಲ್ಲಿ ಗೊರಗೊರ ಸದ್ದು ಎದ್ದಿತು. ಅಷ್ಟರಲ್ಲಿ ಓಡಿಬಂದ ದಾದಿಯೊಬ್ಬರು ವಸ್ತ್ರವನ್ನು ಎಳೆದುಹಾಕಿ, ಹಣೆಯನ್ನು ಹಿಂದಕ್ಕೆ ಬಾಗಿಸಿ, ಗದ್ದವನ್ನು ಮೇಲೆತ್ತಿದರು. ಸದ್ದು ನಿಂತಿತು, ಉಸಿರು ಸರಾಗವಾಯಿತು. “ಗಾಳಿ ಎಲ್ಲ ಕಡೆ ಇದೆ ಮೇಷ್ಟ್ರೆ, ಒಳಗೆ ಹೋಗಲು ದಾರಿ ಬೇಡವೆ?” ಎಂದರು. ಆ ಮಾತಿನ ಹಿಂದೆ ಎರಡು ಶತಮಾನಗಳ ಚರಿತ್ರೆ ಇದೆಯೆಂಬುದು ನನಗೆ ಆಮೇಲೆ ಓದಿ ತಿಳಿಯಿತು.

ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ೧೭೭೪ರ ಆಗಸ್ಟ್ ೧ರಂದು ಪಾದರಸದ ಕೆಂಪು ಭಸ್ಮವನ್ನು ಭೂತಗನ್ನಡಿಯಿಂದ ಕಾಯಿಸಿ ಒಂದು ವಾಯುವನ್ನು ಪಡೆದ. ಅದರಲ್ಲಿ ಮೇಣದ ಬತ್ತಿ ಪ್ರಜ್ವಲಿಸಿ ಉರಿಯಿತು. ಸ್ವೀಡನ್ನಿನ ಷೀಲೆ ಇದನ್ನು ಅವನಿಗಿಂತ ಮೊದಲೇ ಪಡೆದಿದ್ದರೂ ಆ ಸಂಗತಿ ಅಚ್ಚಾದದ್ದು ೧೭೭೭ರಲ್ಲಿ. ಫ್ರಾನ್ಸಿನ ಲವಾಸಿಯೇ, ಆಮ್ಲಗಳಿಗೆಲ್ಲ ಇದೇ ಮೂಲವೆಂದು ಭಾವಿಸಿ ಹೆಸರಿಟ್ಟ; ನಮ್ಮ ‘ಆಮ್ಲಜನಕ’ ಆ ಹೆಸರಿನದೇ ಅನುವಾದ. ಆ ಭಾವನೆ ತಪ್ಪೆಂದು ಮುಂದೆ ತಿಳಿದರೂ ಹೆಸರು ಉಳಿಯಿತು. ನಮ್ಮವರು ಕೊಟ್ಟ ‘ಪ್ರಾಣವಾಯು’ ಎಂಬ ಹೆಸರು ಹೆಚ್ಚು ಒಪ್ಪುತ್ತದೆಂದು ನಾನು ತರಗತಿಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದುದುಂಟು. ಆದರೆ ಪ್ರಾಣವಾಯುವೊಂದೇ ಪ್ರಾಣವನ್ನು ಉಳಿಸಲಾರದು ಎಂಬ ಪಾಠವನ್ನು ಜಗತ್ತು ಕಲಿತದ್ದು ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ.

೧೯೫೨ರ ಬೇಸಗೆಯಲ್ಲಿ ಆ ನಗರಕ್ಕೆ ಪೋಲಿಯೋ ಪಿಡುಗು ಬಡಿಯಿತು. ಉಸಿರಾಟದ ಸ್ನಾಯುಗಳೂ ನುಂಗುವ ಶಕ್ತಿಯೂ ಕೆಟ್ಟ ರೋಗಿಗಳು ಬ್ಲೆಗ್ಡಾಮ್ ಆಸ್ಪತ್ರೆಗೆ ದಿನವೂ ಬರುತ್ತಿದ್ದರು. ಅಲ್ಲಿದ್ದದ್ದು ಒಂದೇ ಒಂದು ಉಕ್ಕಿನ ಶ್ವಾಸಯಂತ್ರ, ಎದೆಗೆ ಕಟ್ಟುವ ಆರು ಸಣ್ಣ ಯಂತ್ರಗಳು. ಮೊದಲ ಕೆಲವು ವಾರಗಳಲ್ಲಿ ಯಂತ್ರಕ್ಕೆ ಹಾಕಿದ ೩೧ ರೋಗಿಗಳಲ್ಲಿ ೨೭ ಮಂದಿ ತೀರಿಕೊಂಡರು. ಮುಖ್ಯ ವೈದ್ಯ ಲಾಸೆನ್, ಅರಿವಳಿಕೆಯ ತಜ್ಞ ಬ್ಯೋರ್ನ್ ಇಬ್ಸೆನ್‌ರನ್ನು ಸಲಹೆಗೆ ಕರೆಸಿದರು.

ರೋಗಿಗಳಿಗೆ ಆಮ್ಲಜನಕ ಕೊಡುತ್ತಿದ್ದುದರಿಂದ ಮೈಬಣ್ಣ ಚೆನ್ನಾಗಿಯೇ ಕಾಣುತ್ತಿತ್ತು, ಆದರೂ ಸಾಯುತ್ತಿದ್ದರು. ಇಬ್ಸೆನ್ ಕಾರಣವನ್ನು ಹಿಡಿದರು. ಒಳಗೆ ಹೋದ ವಾಯು ಸರಿಯಾಗಿ ಹೊರಗೆ ಬರುತ್ತಿಲ್ಲ. ಅಂಗಾರಾಮ್ಲವಾಯು, ಎಂದರೆ ಇಂಗಾಲದ ಡೈಆಕ್ಸೈಡ್, ರಕ್ತದಲ್ಲಿ ತುಂಬಿಕೊಂಡು ಕೊಲ್ಲುತ್ತಿದೆ. ಆಗಸ್ಟ್ ೨೭ರಂದು, ಉಳಿಯುವ ಆಸೆಯಿಲ್ಲದ ೧೨ ವರ್ಷದ ಬಾಲಕಿಯೊಬ್ಬಳ ಗಂಟಲ ಕೆಳಗೆ ಶ್ವಾಸನಾಳಕ್ಕೆ ರಂಧ್ರ ಮಾಡಿಸಿ, ನಳಿಗೆ ಕೂರಿಸಿ, ಕಫವನ್ನು ಹೀರಿ ತೆಗೆದು, ರಬ್ಬರಿನ ಚೀಲವನ್ನು ಕೈಯಿಂದ ಹಿಸುಕಿ ಉಸಿರು ಕೊಟ್ಟರು. ಬಾಲಕಿ ಉಳಿದಳು.

ಆದರೆ ಚೀಲ ಹಿಸುಕುವವರು ಯಾರು? ಒಂದು ಸಮಯದಲ್ಲಿ ೭೦ ರೋಗಿಗಳಿಗೆ ಹೀಗೆ ಹಗಲಿರುಳೂ ಉಸಿರು ಕೊಡಬೇಕಾಗಿತ್ತು. ವೈದ್ಯಕೀಯ ವಿದ್ಯಾರ್ಥಿಗಳು ಬಂದರು. ಆ ತಿಂಗಳುಗಳಲ್ಲಿ ಸುಮಾರು ೧,೫೦೦ ಮಂದಿ ಸರದಿಯಲ್ಲಿ ಹಾಸಿಗೆಯ ಬಳಿ ಕುಳಿತು ಕೈಯಿಂದ ಚೀಲ ಹಿಸುಕಿದರು. ೧೦೦ಕ್ಕೆ ೮೭ರಂತಿದ್ದ ಸಾವು ೪೦ರ ಆಸುಪಾಸಿಗೆ ಇಳಿಯಿತು. ಮರುವರ್ಷ, ೧೯೫೩ರಲ್ಲಿ, ಇಬ್ಸೆನ್ ಅದೇ ನಗರದ ಮತ್ತೊಂದು ಆಸ್ಪತ್ರೆಯಲ್ಲಿ ಇಂಥ ರೋಗಿಗಳಿಗೆಂದೇ ಪ್ರತ್ಯೇಕ ಕೊಠಡಿ ತೆರೆದರು. ಇಂದಿನ ತೀವ್ರ ನಿಗಾ ಘಟಕಗಳ ವಂಶಕ್ಕೆ ಅದೇ ಮೂಲಪುರುಷ.

ಸಾಮಾನ್ಯರ ಕೈಗೆ ಈ ವಿದ್ಯೆ ಬಂದದ್ದು ಅಮೆರಿಕದಲ್ಲಿ. ನಾವು ಹೊರಬಿಡುವ ಉಸಿರಿನಲ್ಲಿ ಇನ್ನೂ ೧೦೦ಕ್ಕೆ ಸುಮಾರು ೧೬ ಪಾಲು ಆಮ್ಲಜನಕ ಇರುತ್ತದೆ. ಮತ್ತೊಬ್ಬರ ಜೀವ ಹಿಡಿಯಲು ಅದು ಸಾಕೆಂದು ಜೇಮ್ಸ್ ಈಲಂ ೧೯೫೪ರಲ್ಲಿ ತೋರಿಸಿದರು. ವಿಯೆನ್ನಾದಲ್ಲಿ ಹುಟ್ಟಿದ ಪೀಟರ್ ಸಫಾರ್, ಬಾಲ್ಟಿಮೋರಿನಲ್ಲಿ ಸ್ವಯಂಸೇವಕರಿಗೆ ಮದ್ದು ಕೊಟ್ಟು ಸ್ನಾಯುಗಳನ್ನು ಸಡಿಲಿಸಿ ಪರೀಕ್ಷಿಸಿದರು. ಎಚ್ಚರ ತಪ್ಪಿದವನ ನಾಲಗೆಯ ಬುಡ ಹಿಂದಕ್ಕೆ ಜಾರಿ ದಾರಿ ಮುಚ್ಚುತ್ತದೆ. ತಲೆ ಹಿಂದಕ್ಕೆ ಬಾಗಿಸಿ ಗದ್ದ ಎತ್ತಿದರೆ ತೆರೆಯುತ್ತದೆ. ದಿಂಬು ಇಟ್ಟರೆ ಗದ್ದ ಎದೆಗೆ ಒತ್ತಿ ದಾರಿ ಇನ್ನಷ್ಟು ಮುಚ್ಚುತ್ತದೆ. ನನ್ನ ಕನಿಕರ ಹುಡುಗನಿಗೆ ಮಾಡಿದ್ದು ಇದನ್ನೇ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಬತ್ತಿ ಈ ವಾಯುವಿನಲ್ಲಿ ಬೇಗ ಉರಿದು ಮುಗಿಯುವಂತೆ ನಮ್ಮ ಆಯುಸ್ಸೂ ಬೇಗ ತೀರೀತೇನೋ ಎಂದು ಪ್ರೀಸ್ಟ್ಲಿಯೇ ಸಂಶಯಪಟ್ಟಿದ್ದ. ದಿನ ತುಂಬದೆ ಹುಟ್ಟಿದ ಶಿಶುಗಳಿಗೆ ೧೯೪೦ರ ದಶಕದಲ್ಲಿ ಧಾರಾಳವಾಗಿ ಕೊಟ್ಟ ಆಮ್ಲಜನಕದಿಂದ ಎಷ್ಟೋ ಮಕ್ಕಳು ಕಣ್ಣು ಕಳೆದುಕೊಂಡವು. ೧೯೫೩-೫೪ರಲ್ಲಿ ಅಮೆರಿಕದ ಆಸ್ಪತ್ರೆಗಳು ನಡೆಸಿದ ಪರೀಕ್ಷೆ ಅದನ್ನು ಸ್ಥಿರಪಡಿಸಿತು. ಔಷಧವೆಂದಮೇಲೆ ಅಳತೆ ಬೇಕು. ೨೦೨೧ರಲ್ಲಿ ಸಿಲಿಂಡರಿಗಾಗಿ ಅಲೆದ ನಮ್ಮ ಜನ, ಬೆರಳಿಗೆ ಸಿಕ್ಕಿಸುವ ಆ ಪುಟ್ಟ ಮಾಪಕದ ಅಂಕಿಗಳನ್ನು ನೋಡುತ್ತ ಕುಳಿತದ್ದನ್ನು ಮರೆತಿಲ್ಲ.

ವಾಚಕರು ಮನೆಮಂದಿಗೆ ಇಷ್ಟನ್ನು ಹೇಳಿಡಲಿ. ಬಿದ್ದವರ ಸುತ್ತ ಗುಂಪು ಕಟ್ಟಬೇಡಿ. ೧೦೮ಕ್ಕೆ ಕರೆ ಮಾಡಿ. ದಿಂಬು ಇಡದೆ ತಲೆಯನ್ನು ಹಿಂದಕ್ಕೆ ಬಾಗಿಸಿ ಗದ್ದ ಎತ್ತಿ. ಕುತ್ತಿಗೆಗೆ ಪೆಟ್ಟಾದ ಶಂಕೆಯಿದ್ದರೆ ತಲೆ ಬಾಗಿಸದೆ ದವಡೆಯನ್ನಷ್ಟೆ ಮುಂದಕ್ಕೆ ತನ್ನಿ. ಉಸಿರಿಗೆ ಮೊದಲು ದಾರಿ, ಉಳಿದದ್ದೆಲ್ಲ ಆಮೇಲೆ.