ಬಿಡುಗಡೆ ಸಿಕ್ಕಿತು, ಹೊಲ ಸಿಗಲಿಲ್ಲ

ಹತ್ತಿ ಬಿಡಿಸಿದವರಿಗೆ ಗೊತ್ತು, ಸಂಜೆ ಹೊತ್ತಿಗೆ ಬೆರಳ ತುದಿ ಎಷ್ಟು ಉರಿಯುತ್ತದೆ ಎಂದು. ಬಿಡಿಸಿದ ಹತ್ತಿ ತೂಕದಲ್ಲಿ ಕಡಿಮೆ ಬಂದರೆ ಬೆನ್ನಿಗೆ ಚಾಟಿ ಏಟು ಬೀಳುತ್ತಿದ್ದ ಕಾಲವೂ ಇತ್ತು. ಅದು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಸುಮಾರು 170 ವರ್ಷಗಳ ಹಿಂದೆ.

1619ರಲ್ಲಿ ವರ್ಜೀನಿಯಾಕ್ಕೆ ಇಪ್ಪತ್ತು ಚಿಲ್ಲರೆ ಆಫ್ರಿಕನ್ನರನ್ನು ಹಡಗಿನಲ್ಲಿ ತಂದು ಮಾರಿದರು. 1662ರಲ್ಲಿ ಅಲ್ಲಿ ಒಂದು ಕಾನೂನು ಬಂತು: ತಾಯಿ ಗುಲಾಮಳಾಗಿದ್ದರೆ ಹುಟ್ಟುವ ಮಗುವೂ ಗುಲಾಮ. ಕಣ್ಣು ಬಿಡುವ ಮೊದಲೇ ಮಗು ಒಡೆಯನ ಆಸ್ತಿ.

1793ರಲ್ಲಿ ಇಲಿ ವಿಟ್ನಿ ಎಂಬಾತ ಹತ್ತಿಯಿಂದ ಬೀಜ ಬೇರೆ ಮಾಡುವ ಯಂತ್ರ ಕಂಡುಹಿಡಿದ. ಯಂತ್ರ ಬಂದರೆ ದುಡಿಯುವವರ ಕಷ್ಟ ಇಳಿಯಬೇಕಲ್ಲವೇ? ಆದದ್ದು ಉಲ್ಟಾ. ಬೀಜ ತೆಗೆಯುವುದು ಸುಲಭವಾದ ಮೇಲೆ ಹತ್ತಿ ಭಾರೀ ಲಾಭದ ಬೆಳೆಯಾಯಿತು. ಹೊಸ ಹೊಲಗಳಿಗೆ ಇನ್ನಷ್ಟು ಆಳುಗಳು ಬೇಕಾದರು. 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರ ಸಂಖ್ಯೆ 1860ಕ್ಕೆ ಸುಮಾರು 40 ಲಕ್ಷವಾಯಿತು. ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಇನ್ನೊಂದು ಕಡೆ ಹರಾಜಾಗುತ್ತಿದ್ದರು.

ಅವರೇನೂ ಸುಮ್ಮನಿರಲಿಲ್ಲ. ಅಕ್ಷರ ಕಲಿಯಬಾರದೆಂಬ ತಡೆ ಇದ್ದರೂ ಫ್ರೆಡರಿಕ್ ಡಗ್ಲಸ್ ಓದಲು ಕಲಿತ. 1838ರಲ್ಲಿ ತಪ್ಪಿಸಿಕೊಂಡು ಹೋಗಿ, 1845ರಲ್ಲಿ ತನ್ನ ಕಥೆಯನ್ನು ಪುಸ್ತಕ ಮಾಡಿದ. 1849ರಲ್ಲಿ ಓಡಿಹೋದ ಹ್ಯಾರಿಯೆಟ್ ಟಬ್‌ಮನ್, ಜೀವದ ಹಂಗು ತೊರೆದು ಮತ್ತೆ ಮತ್ತೆ ಹಿಂದಿರುಗಿ ಸುಮಾರು 70 ಜನರನ್ನು ಕರೆದೊಯ್ದಳು.

1861ರಲ್ಲಿ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಯುದ್ಧ ಶುರುವಾಯಿತು. ಅಮೆರಿಕದ ಹತ್ತಿ ಇಂಗ್ಲೆಂಡಿಗೆ ಹೋಗುವುದು ಕಡಿಮೆಯಾದಾಗ ನಮ್ಮ ಧಾರವಾಡ ಸೀಮೆಯ ಹತ್ತಿಗೆ ಬೆಲೆ ಏರಿತು, ಯುದ್ಧ ಮುಗಿದ ಮೇಲೆ ಇಳಿಯಿತು. 1863ರ ಜನವರಿ 1ರಂದು ಅಧ್ಯಕ್ಷ ಲಿಂಕನ್, ದಂಗೆಯೆದ್ದ ರಾಜ್ಯಗಳ ಗುಲಾಮರು ಸ್ವತಂತ್ರರೆಂದು ಸಾರಿದರು. ಸುಮಾರು 1.8 ಲಕ್ಷ ಕಪ್ಪು ಜನರು ಉತ್ತರದ ಸೇನೆ ಸೇರಿ ಹೋರಾಡಿದರು. 1865ರ ಡಿಸೆಂಬರಿನಲ್ಲಿ ಸಂವಿಧಾನದ 13ನೇ ತಿದ್ದುಪಡಿ ದೇಶದ ಉದ್ದಗಲಕ್ಕೂ ಗುಲಾಮಗಿರಿಯನ್ನು ರದ್ದು ಮಾಡಿತು. ಆದರೆ ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸಬಹುದೆಂಬ ಸಂದು ಅದರಲ್ಲೇ ಉಳಿಯಿತು.

ಅದೇ ವರ್ಷದ ಆರಂಭದಲ್ಲಿ ಸೇನಾಪತಿ ಶೆರ್ಮನ್, ಕರಾವಳಿಯ ಜಮೀನನ್ನು ಬಿಡುಗಡೆಯಾದ ಕುಟುಂಬಗಳಿಗೆ 40 ಎಕರೆವರೆಗೆ ಹಂಚಲು ಆದೇಶಿಸಿದ್ದರು. ಲಿಂಕನ್ ಕೊಲೆಯಾದ ಮೇಲೆ ಅಧ್ಯಕ್ಷರಾದ ಆಂಡ್ರ್ಯೂ ಜಾನ್ಸನ್ ಅದರಲ್ಲಿ ಹೆಚ್ಚಿನ ಭಾಗವನ್ನು ಹಳೆಯ ಒಡೆಯರಿಗೇ ಮರಳಿಸಿದರು. ಕೈಗೆ ಬಂದ ಹೊಲ ಹೋಯಿತು.

ಹೊಲವಿಲ್ಲದವರು ಏನು ಮಾಡಬೇಕು? ಬಹಳ ಮಂದಿ ಬಿಳಿಯ ಜಮೀನುದಾರರ ಹೊಲವನ್ನೇ ಪಾಲಿಗೆ ಮಾಡಿದರು. ಬೀಜ, ಕಾಳು, ಬಟ್ಟೆ ಎಲ್ಲವೂ ಸಾಲದಲ್ಲಿ. ಸುಗ್ಗಿ ಮುಗಿದು ಲೆಕ್ಕ ಹಾಕಿದಾಗ ಬೆಳೆ ಒಡೆಯನಿಗೆ, ಬಾಕಿ ಇವರಿಗೆ. ಆ ಲೆಕ್ಕದ ಪುಸ್ತಕ ಇರುತ್ತಿದ್ದುದು ಒಡೆಯನ ಅಥವಾ ಅಂಗಡಿಯವನ ಕೈಯಲ್ಲಿ.